ಧಾರವಾಡ ಕಸೂತಿ ಕಲಿಯುವ ಕ್ರಮ: ಆರು ಸಣ್ಣ ಕೆಲಸ, ನಾಲ್ಕು ಹೊಲಿಗೆ

ಕಸೂತಿ ಕಲಿಯಲು ಹೊರಟವರು ನಡುವೆ ಕೈಬಿಡುವುದು ಬಹುತೇಕ ಒಂದೇ ಜಾಗದಲ್ಲಿ. ಮೊದಲ ನಾಲ್ಕು ಸಾಲು ಚೆನ್ನಾಗಿ ಬರುತ್ತದೆ. ಆಮೇಲೆ ಗೋಪುರವನ್ನೋ ನವಿಲನ್ನೋ ಎತ್ತಿಕೊಳ್ಳುತ್ತಾರೆ. ಅರ್ಧ ಮುಗಿಯುವಷ್ಟರಲ್ಲಿ ಕೆಲವು ಗೆರೆಗಳ ಮೇಲೆ ಎರಡೆರಡು ಸಲ ದಾರ ಬಿದ್ದಿರುತ್ತದೆ, ಕೆಲವು ಗೆರೆ ಖಾಲಿ ಉಳಿದಿರುತ್ತದೆ, ಬಟ್ಟೆ ತಿರುಗಿಸಿದರೆ ಹಿಂಬದಿ ಸಿಕ್ಕುಸಿಕ್ಕು. ಕೈ ಪಳಗಿಲ್ಲ ಎಂದುಕೊಂಡು ಮತ್ತೆ ಅದನ್ನೇ ಹಾಕುತ್ತಾರೆ, ಮತ್ತೆ ಕೆಡುತ್ತದೆ. ತಪ್ಪು ಕೈಯದಲ್ಲ, ದಾರಿಯದು. ಸೂಜಿ ಯಾವ ಗೆರೆಯಲ್ಲಿ ಹೋಗಬೇಕು, ಯಾವುದರಲ್ಲಿ ಮರಳಬೇಕು ಎಂಬುದನ್ನು ಕಾಗದದ ಮೇಲೆ ಮೊದಲೇ ತೀರ್ಮಾನಿಸದೆ ಕಸೂತಿ ಬರುವುದಿಲ್ಲ.

ಈಗೀಗ ಎಲ್ಲ ಎಂಬ್ರಾಯ್ಡರಿಗೂ ಕಸೂತಿ ಎನ್ನುವ ರೂಢಿ ಇದೆ. ಇಲ್ಲಿ ಹೇಳುತ್ತಿರುವುದು ಧಾರವಾಡ–ಹುಬ್ಬಳ್ಳಿ ಕಡೆಯ, ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿ. ಬಟ್ಟೆಯ ಮೇಲೆ ಚಿತ್ರ ಬರೆಯುವಂತಿಲ್ಲ, ಗಂಟು ಹಾಕುವಂತಿಲ್ಲ. ಹೊಲಿಗೆ ನಾಲ್ಕೇ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೊದಲೆರಡು ಎರಡೂ ಬದಿಯಲ್ಲಿ ಒಂದೇ ಥರ ಕಾಣಬೇಕು, ಉಳಿದೆರಡಕ್ಕೆ ಆ ಕಟ್ಟಳೆ ಇಲ್ಲ. ಕೆಳಗಿನ ಆರು ಕೆಲಸಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದರೆ ಕೆಡುವುದು ರವಿಕೆ ಬಟ್ಟೆ.

## ಸಾಮಾನು

ಬಟ್ಟೆ. ಮ್ಯಾಟಿ ಬಟ್ಟೆ, ಅರ್ಧ ಮೀಟರ್ ಸಾಕು. ನೇಯ್ಗೆಯಲ್ಲೇ ಚೌಕ ಚೌಕ ಮನೆಗಳಿದ್ದು ಮೂಲೆಗಳಲ್ಲಿ ತೂತು ಕಾಣುತ್ತದೆ. ಅಂಗಡಿಯಲ್ಲಿ ಬಿಸಿಲಿಗೆ ಹಿಡಿದು ನೋಡಿ: ತೂತು ಸ್ಪಷ್ಟವಾಗಿ ಕಾಣದಿದ್ದರೆ ಬೇಡ. ಒಂದು ಇಂಚಿಗೆ ಎಷ್ಟು ಮನೆ ಇದೆ ಎಂದು ಎರಡು ಗುಂಡುಸೂಜಿ ಚುಚ್ಚಿ ಎಣಿಸಿ, ಉದ್ದಕ್ಕೂ ಅಡ್ಡಕ್ಕೂ. ಎರಡೂ ಕಡೆ ಒಂದೇ ಲೆಕ್ಕ ಬರಬೇಕು. ಉದ್ದಕ್ಕೆ 14, ಅಡ್ಡಕ್ಕೆ 12 ಬಂದರೆ ಚೌಕ ಹಾಕಿದ್ದು ಆಯತವಾಗುತ್ತದೆ. ಕಲಿಯಲು ಇಂಚಿಗೆ 11 ಅಥವಾ 14 ಮನೆಯ ಬಟ್ಟೆ ಒಳ್ಳೆಯದು. ಬಣ್ಣ ಬಿಳಿ ಅಥವಾ ಕೆನೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಎಷ್ಟು ಚೆಂದ ಕಂಡರೂ ಕಪ್ಪು ಬಟ್ಟೆಯಲ್ಲಿ ಕಲಿಯಲು ಕೂರಬೇಡಿ, ತೂತು ಹುಡುಕುವುದರಲ್ಲೇ ಕಣ್ಣು ಸೋಲುತ್ತದೆ.

ದಾರ. ಆರು ಎಳೆಯ ಹತ್ತಿ ದಾರ. ಆಂಕರ್ ಲಡಿ ಎಲ್ಲ ಊರಲ್ಲೂ ಸಿಗುತ್ತದೆ, ಒಂದು ಲಡಿ 8 ಮೀಟರ್. ಕಡುಗೆಂಪು, ಹಸಿರು, ಕಿತ್ತಳೆ ಒಂದೊಂದು ಸಾಕು. 14 ಮನೆಯ ಬಟ್ಟೆಗೆ ಗವಂತಿ, ಮುರ್ಗಿ, ಮೆಂತಿಗಳಿಗೆ 2 ಎಳೆ, ನೇಗಿಗೆ 3 ಎಳೆ. 11 ಮನೆಯದಕ್ಕೆ ಒಂದೊಂದು ಎಳೆ ಹೆಚ್ಚು. ಆರು ಎಳೆಯಿಂದ ಒಂದೊಂದನ್ನೇ ಎಳೆದು ತೆಗೆದು, ಬೇಕಾದಷ್ಟನ್ನು ಮತ್ತೆ ಜೋಡಿಸಿಕೊಳ್ಳಿ. ಎರಡನ್ನು ಒಟ್ಟಿಗೆ ಕಿತ್ತರೆ ಸುರುಳಿ ಬಿದ್ದು ಗಂಟಾಗುತ್ತದೆ, ಹೊಲಿಗೆಯೂ ಹುರಿಹುರಿಯಾಗಿ ಕೂರುತ್ತದೆ.

ಸೂಜಿ. ಮೊಂಡು ತುದಿಯ ಟೇಪೆಸ್ಟ್ರಿ ಸೂಜಿ, 24ನೇ ನಂಬರು. ಇದರಲ್ಲಿ ರಾಜಿ ಬೇಡ. ಚೂಪು ಸೂಜಿ ಮರಳಿ ಬರುವಾಗ ಮೊದಲು ಹಾಕಿದ ದಾರವನ್ನೇ ಸೀಳುತ್ತದೆ. ಹೊಲಿಗೆ ಕೊಳಕಾಗುವುದಲ್ಲದೆ, ತಪ್ಪಾದಾಗ ಬಿಚ್ಚಲೂ ಆಗುವುದಿಲ್ಲ.

ಉಳಿದವು. ಮಕ್ಕಳ ಚೌಕುಳಿ ಗಣಿತ ಪುಸ್ತಕ, ಎರಡು ಬಣ್ಣದ ಪೆನ್ಸಿಲು, ಚೂಪು ತುದಿಯ ಸಣ್ಣ ಕತ್ತರಿ, ಹುಬ್ಬು ಕೀಳುವ ಚಿಮುಟ, ಕಚ್ಚಾ ಹೊಲಿಗೆಗೆ ತಿಳಿ ಬಣ್ಣದ ಸಾದಾ ದಾರ. ರಿಂಗು ಬೇಕಿಲ್ಲ. ಮ್ಯಾಟಿ ಬಟ್ಟೆ ತಾನೇ ಬಿಗಿಯಾಗಿರುತ್ತದೆ, ಮೇಲಾಗಿ ಪ್ರತಿ ಐದಾರು ಹೊಲಿಗೆಗೊಮ್ಮೆ ಬಟ್ಟೆ ತಿರುಗಿಸಿ ಹಿಂಬದಿ ನೋಡಬೇಕು. ರಿಂಗು ಹಾಕಿದವರು ನೋಡುವುದನ್ನೇ ಬಿಡುತ್ತಾರೆ.

## ಶುರು ಮಾಡುವ ಮುನ್ನ

1. ಬಟ್ಟೆಯನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಕುಗ್ಗುತ್ತದೆ. ಕುಗ್ಗುವುದೇನಿದ್ದರೂ ಕಸೂತಿಗೆ ಮೊದಲೇ ಆಗಲಿ.

2. ದಾರದ ಬಣ್ಣ ಪರೀಕ್ಷಿಸಿ. ಒಂದು ಗೇಣು ದಾರ ಒದ್ದೆ ಮಾಡಿ, ಬಿಳಿ ಬಟ್ಟೆಯ ಎರಡು ಪದರದ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಣ್ಣ ಇಳಿದರೆ ಇಡೀ ಲಡಿಯನ್ನು ತಣ್ಣೀರಲ್ಲಿ ಅದ್ದಿ, ನೀರು ತಿಳಿಯಾಗುವವರೆಗೆ ಬದಲಿಸಿ. ಕೆಂಪು ಮತ್ತು ಕಪ್ಪಿಗೆ ಈ ಪರೀಕ್ಷೆ ತಪ್ಪಿಸಲೇಬಾರದು.

3. ಕತ್ತರಿಸಿದ ಅಂಚಿಗೆ ಸುತ್ತುಹೊಲಿಗೆ ಹಾಕಿ. ಮ್ಯಾಟಿ ಬೇಗ ನುಲಿ ಬಿಚ್ಚುತ್ತದೆ.

4. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡು ಗುರುತಿಸಿ, ಅಲ್ಲಿಂದ ಪ್ರತಿ 10 ಮನೆಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಎಳೆಯಿರಿ. ಬೇಸರದ ಕೆಲಸ, ನಿಜ. ಆದರೆ ಎಣಿಕೆ ತಪ್ಪಿದ್ದು ಹತ್ತು ಮನೆಯೊಳಗೇ ಸಿಕ್ಕಿಬೀಳುತ್ತದೆ. ಇಲ್ಲವಾದರೆ ಗೊತ್ತಾಗುವುದು ಗೋಪುರದ ಎರಡು ತುದಿ ಸೇರದಿದ್ದಾಗಲೇ.

ಚಿತ್ರದ ಅಳತೆಗೆ ಸುಲಭ ಲೆಕ್ಕ: ಮನೆಗಳ ಸಂಖ್ಯೆಯನ್ನು ಇಂಚಿನ ಎಣಿಕೆಯಿಂದ ಭಾಗಿಸಿ, 2.54ರಿಂದ ಗುಣಿಸಿ. 42 ಮನೆಯ ತೇರು 14ರ ಬಟ್ಟೆಯಲ್ಲಿ 7.6 ಸೆಂ.ಮೀ. ಬರುತ್ತದೆ, 11ರ ಬಟ್ಟೆಯಲ್ಲಿ 9.7.

## ಕೆಲಸ 1: ಗವಂತಿ ಪಟ್ಟಿ

15 ಸೆಂ.ಮೀ. ಚೌಕದ ತುಂಡು ಸಾಕು. ಇದರಲ್ಲಿ ಮೂರು ಅಭ್ಯಾಸ ಇವೆ. ಇದನ್ನು ಯಾರಿಗೂ ತೋರಿಸಬೇಕಿಲ್ಲ, ಹೀಗಾಗಿ ತಪ್ಪು ಮಾಡಲು ಇದೇ ಸರಿಯಾದ ಜಾಗ.

ನೇರ ಗೆರೆ. ಒಂದು ಮೊಳ ದಾರ ತೆಗೆದುಕೊಳ್ಳಿ, ಅಂದರೆ ಸುಮಾರು 45 ಸೆಂ.ಮೀ. ಇದಕ್ಕಿಂತ ಉದ್ದದ ದಾರ ತೂತುಗಳಲ್ಲಿ ಉಜ್ಜಿ ಉಜ್ಜಿ ಜುಂಗು ಏಳುತ್ತದೆ. 10 ಸೆಂ.ಮೀ. ಬಾಲವನ್ನು ಹಿಂಬದಿಯಲ್ಲಿ ಬಿಟ್ಟು, ಎಡಗೈ ಬೆರಳಲ್ಲಿ ಒತ್ತಿ ಹಿಡಿದು, ಮೊದಲ ತೂತಿನಿಂದ ಸೂಜಿ ಮೇಲೆ ತನ್ನಿ. ಪಕ್ಕದ ತೂತಿನಲ್ಲಿ ಕೆಳಗೆ, ಅದರ ಪಕ್ಕದಲ್ಲಿ ಮೇಲೆ. ಹೀಗೆ 20 ಮನೆ ಹೋಗಿ. ಈಗ ಒಂದು ಬಿಟ್ಟು ಒಂದರಂತೆ ಗೆರೆ ಬಿದ್ದಿರುತ್ತದೆ. ಕೊನೆಯ ತೂತಿನಿಂದ ಅದೇ ದಾರಿಯಲ್ಲಿ ಹಿಂದಿರುಗಿ, ಖಾಲಿ ಬಿಟ್ಟ ಮನೆಗಳನ್ನು ತುಂಬುತ್ತಾ ಬನ್ನಿ. ಮುಗಿದಾಗ ಮುಂದೆಯೂ ಹಿಂದೆಯೂ ತುಂಡಾಗದ ಒಂದೇ ಗೆರೆ ಕಾಣಬೇಕು. ತುದಿ ಮುಟ್ಟಿದಾಗ ಸೂಜಿ ಮೇಲಿದೆಯೋ ಕೆಳಗಿದೆಯೋ ಎಂದು ತಲೆಕೆಡಿಸಿಕೊಳ್ಳಬೇಡಿ. ಮೇಲೆ–ಕೆಳಗೆ ಎಂಬ ಸರದಿ ತಪ್ಪದಿದ್ದರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಗೆರೆ ಹಲ್ಲುಹಲ್ಲಾಗಿ ಬಂದಿದ್ದರೆ ಕಾರಣ ಒಂದೇ. ಮರಳುವಾಗ ಸೂಜಿ ತೂತಿನೊಳಗೆ ಹಳೆಯ ದಾರದ ಒಮ್ಮೆ ಆಚೆ, ಒಮ್ಮೆ ಈಚೆ ನುಗ್ಗಿದೆ. ಮೇಲೆ ಬರುವಾಗ ಯಾವಾಗಲೂ ಹಳೆಯ ದಾರದ ಮೇಲ್ಪಕ್ಕ, ಕೆಳಗಿಳಿಯುವಾಗ ಯಾವಾಗಲೂ ಕೆಳಪಕ್ಕ ಎಂದು ನಿಯಮ ಇಟ್ಟುಕೊಳ್ಳಿ. ಎರಡನೇ ಸಾಲಿಗೇ ಗೆರೆ ನೇರವಾಗುತ್ತದೆ.

ಬಾಚಣಿಗೆ. ಮತ್ತೆ 20 ಮನೆಯ ಗೆರೆ. ಈ ಸಲ ಪ್ರತಿ 5 ಮನೆಗೆ ಮೇಲಕ್ಕೆ 3 ಮನೆಯ ಒಂದು ಕವಲು. ಹೋಗುವಾಗ ಕವಲು ಬಂದ ಕೂಡಲೇ ಅದರೊಳಗೆ ತಿರುಗಿ, 3 ಮನೆ ಹತ್ತಿ, ತುಂಬುತ್ತಾ 3 ಮನೆ ಇಳಿದು, ಮತ್ತೆ ದೊಡ್ಡ ದಾರಿಗೆ ಬನ್ನಿ. ಕವಲು ಅಲ್ಲಿಗೇ ಪೂರ್ತಿ. ಹೋಗಿ ಬಂದ ಹೆಜ್ಜೆ ಯಾವಾಗಲೂ ಸಮಸಂಖ್ಯೆಯೇ, ಆದ್ದರಿಂದ ದೊಡ್ಡ ದಾರಿಯ ಮೇಲೆ–ಕೆಳಗೆ ಸರದಿ ಕೆಡುವುದಿಲ್ಲ. ಮರಳುವಾಗ ಕವಲಿನೊಳಗೆ ಕಾಲಿಡದೆ ನೇರ ಬರಬೇಕು. ಕಸೂತಿಯ ಎಷ್ಟೇ ದೊಡ್ಡ ಚಿತ್ರವಾದರೂ, ಅದು ಆನೆ ಅಂಬಾರಿಯಾದರೂ, ಒಂದು ದೊಡ್ಡ ದಾರಿ ಮತ್ತು ಅದರ ಕವಲುಗಳು ಮಾತ್ರ.

ಚೌಕ. 4 ಮನೆ ಅಗಲ, 4 ಮನೆ ಎತ್ತರ. ಸುತ್ತಲೂ 16 ಮನೆ ಹೋಗಿ ಹೊರಟ ಮೂಲೆಗೆ ಬರುತ್ತೀರಿ. ಬಹುಪಾಲು ಮಂದಿ ಎಡವುವುದು ಇಲ್ಲಿ. ಸುತ್ತು ಮುಗಿಯಿತಲ್ಲ ಎಂದು ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಡುತ್ತಾರೆ. 16 ಸಮಸಂಖ್ಯೆ. ಹಾಗಾಗಿ ಹದಿನೇಳನೇ ಹೊಲಿಗೆಯೂ ಮೊದಲನೆಯದರಂತೆ ಮೇಲೆಯೇ ಬೀಳುತ್ತದೆ, ಮೊದಲ ದಾರದ ಮೇಲೆಯೇ. ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ಮೂಲೆ ಮುಟ್ಟಿದ ಮೇಲೆ ಬಂದ ದಿಕ್ಕಿಗೇ ಮುಖ ತಿರುಗಿಸಿ, ಪ್ರದಕ್ಷಿಣೆ ಹೋಗಿದ್ದರೆ ಅಪ್ರದಕ್ಷಿಣೆ ಮರಳಿ.

ದಾರದ ಕೊನೆ. ಬಾಲವನ್ನು ಸೂಜಿಗೆ ಪೋಣಿಸಿ, ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ಸುತ್ತಿ ಕತ್ತರಿಸಿ. ಹೋಗುವ ದಾರಿಯ ನಡುವೆಯೇ ದಾರ ಮುಗಿದರೆ ಆ ಬಾಲವನ್ನು ಆಗಲೇ ಸೇರಿಸಬೇಡಿ. ಅಲ್ಲಿ ಅರ್ಧ ಹೊಲಿಗೆ ಮಾತ್ರ ಇರುವುದರಿಂದ ಹಿಡಿತ ಸಿಗುವುದಿಲ್ಲ. ಹಾಗೇ ನೇತಾಡಲು ಬಿಟ್ಟು, ಮರಳುವ ದಾರ ಅಲ್ಲಿಂದ ದಾಟಿದ ಮೇಲೆ ಸೇರಿಸಿ. ಒಂದು ಮೊಳ ದಾರದಲ್ಲಿ, ಎರಡು ಕಡೆಯ ಬಾಲ ಕಳೆದು, 14ರ ಬಟ್ಟೆಯಲ್ಲಿ ಹೋಗಿ–ಬಂದು ಸುಮಾರು 60 ಮನೆಯ ಗೆರೆ ಆಗುತ್ತದೆ. ಚಿತ್ರದ ಗೆರೆಗಳನ್ನು ಎಣಿಸಿದರೆ ಎಷ್ಟು ದಾರ ಬೇಕೆಂದು ಮೊದಲೇ ಗೊತ್ತಾಗುತ್ತದೆ.

## ಕೆಲಸ 2: ಮುರ್ಗಿ ಪುಟಗುರುತು

ಮುರ್ಗಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಗವಂತಿ. ಹೋಗಿ ಮರಳುವ ನಿಯಮ ಅದೇ. ಪುಸ್ತಕಕ್ಕೆ ಇಡುವ ಗುರುತುಪಟ್ಟಿಗೆ ಇದು ಹೇಳಿ ಮಾಡಿಸಿದ್ದು.

1. 20 × 6 ಸೆಂ.ಮೀ. ಬಟ್ಟೆ. ಅಗಲದ ನಡುವಿಗೆ ಒಂದು ಕಚ್ಚಾ ಗೆರೆ.

2. ಕ್ರಮ: ಅಡ್ಡ 1, ಮೇಲೆ 1, ಹೀಗೆ ಐದು ಸಲ. ನಂತರ ಅಡ್ಡ 1, ಕೆಳಗೆ 1, ಐದು ಸಲ. ಇದು ಒಂದು ಅಲೆ, ಅಗಲ 10 ಮನೆ. ಇಂಥ ಏಳು ಅಲೆ ಹಾಕಿದರೆ 14ರ ಬಟ್ಟೆಯಲ್ಲಿ 12.7 ಸೆಂ.ಮೀ. ಬರುತ್ತದೆ.

3. ದಾರ ಎರಡು ಮೊಳ. ಉದ್ದವಾಯಿತು ಅನ್ನಿಸಬಹುದು, ಆದರೆ ಹೊಲಿಯುವುದು ಅರ್ಧರ್ಧವಾಗಿ. ಮೊದಲ ತೂತಿನಿಂದ ಸೂಜಿ ಮೇಲೆ ತಂದು, ದಾರವನ್ನು ಸರಿಯಾಗಿ ಅರ್ಧದವರೆಗೆ ಮಾತ್ರ ಎಳೆಯಿರಿ. ಉಳಿದರ್ಧ ಹಿಂದೆ ನೇತಾಡಲಿ. ಮೇಲಿರುವ ಅರ್ಧದಿಂದ ಏಳೂ ಅಲೆ ಹೋಗಿ.

4. ಈಗ ಬಟ್ಟೆಯ ಮೇಲೆ ಅಡ್ಡ ಗೆರೆಗಳು ಮಾತ್ರ, ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತವೆ. ತಪ್ಪಿತೇನೋ ಎಂದು ಬಿಚ್ಚಬೇಡಿ, ಹಾಗೇ ಇರಬೇಕು. ನಿಂತ ಗೆರೆಗಳೆಲ್ಲ ಹಿಂಬದಿಯಲ್ಲಿವೆ. ಮೇಲೆ ಎಲ್ಲಾದರೂ ಒಂದು ನಿಂತ ಗೆರೆ ಕಂಡರೆ ಮಾತ್ರ ಅಲ್ಲಿ ಸರದಿ ತಪ್ಪಿದೆ.

5. ಸೂಜಿಯನ್ನು ಹಿಂದೆ ನೇತಾಡುವ ಅರ್ಧಕ್ಕೆ ಪೋಣಿಸಿ, ಶುರುವಿನಿಂದ ಅದೇ ದಿಕ್ಕಿನಲ್ಲಿ ಹೊರಡಿ. ಮೊದಲ ಅಡ್ಡ ಗೆರೆ ಹಿಂದೆ, ಮೊದಲ ನಿಂತ ಗೆರೆ ಮುಂದೆ, ಹೀಗೆ. ಎರಡು ತುದಿಯೂ ಒಂದೇ ಕಡೆ ಬಂದು ಸೇರುತ್ತವೆ, ಶುರುವಿನಲ್ಲಿ ಬಾಲವೇ ಇರುವುದಿಲ್ಲ.

6. ಸೇರಿದ ಜಾಗದಿಂದ ಬಾಲಗಳನ್ನು ಪಟ್ಟಿಯ ತುದಿಗೆ ಎಳೆದು ಕುಚ್ಚಿನೊಳಗೆ ಸೇರಿಸಿ ಕಟ್ಟಿ. ಬಚ್ಚಿಡುವ ಕೆಲಸವೇ ಉಳಿಯಲಿಲ್ಲ.

ಪಟ್ಟಿಯ ಅಂಚಿನಿಂದ 4 ಮನೆ ಒಳಗೆ ಸುತ್ತಲೂ ಸಣ್ಣ ಹೊಲಿಗೆ ಹಾಕಿ, ಹೊರಗಿನ ಎಳೆಗಳನ್ನು ಸೂಜಿಯಿಂದ ಒಂದೊಂದೇ ಬಿಡಿಸಿದರೆ ಜಾಲರಿ ಅಂಚಾಗುತ್ತದೆ.

## ಕೆಲಸ 3: ತುಳಸಿ ಕಟ್ಟೆಯ ಲೋಟದ ಆಸರೆ

ಕಾಫಿ ಲೋಟದ ಕೆಳಗಿಡುವ 10 ಸೆಂ.ಮೀ. ಚೌಕ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ತುಳಸಿ ಕಟ್ಟೆ. ಅಂಚು ಮಡಿಸಲು 14 ಸೆಂ.ಮೀ. ಬಟ್ಟೆ ತೆಗೆದುಕೊಳ್ಳಿ. ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಕೆಲಸಕ್ಕೆ.

ಮೊದಲು ಚೌಕುಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಬುಡದ ಎಡ ಮೂಲೆಯಿಂದ ಮೇಲೆ 1, ಬಲಕ್ಕೆ 2, ಮೇಲೆ 4, ಎಡಕ್ಕೆ 1, ಮೇಲೆ 1, ಬಲಕ್ಕೆ 3. ಇದು ಕಟ್ಟೆಯ ಮೇಲ್ಭಾಗದ ನಡು. ಅಲ್ಲಿಂದ ಬಲಕ್ಕೆ 3, ಕೆಳಗೆ 1, ಎಡಕ್ಕೆ 1, ಕೆಳಗೆ 4, ಬಲಕ್ಕೆ 2, ಕೆಳಗೆ 1, ಕೊನೆಗೆ ಬುಡದ ಗೆರೆ ಎಡಕ್ಕೆ 8. ಹೊರಟಲ್ಲಿಗೇ ಬಂದಿರಿ, ಒಂದು ಮನೆಗೆ ಒಂದು ಗೆರೆಯಂತೆ ಒಟ್ಟು 32 ಗೆರೆ. ಮೇಲ್ಭಾಗದ ನಡುವಿನಿಂದ ಗಿಡದ ಕಾಂಡ ಮೇಲಕ್ಕೆ 6 ಮನೆ. ಕಾಂಡದ 2ನೇ ಮತ್ತು 4ನೇ ತೂತಿನಲ್ಲಿ ಎಡಕ್ಕೊಂದು ಬಲಕ್ಕೊಂದು ಓರೆ ಕೊಂಬೆ, ಪ್ರತಿಯೊಂದೂ ಮೇಲ್ಮುಖವಾಗಿ 2 ಮನೆ, ಮೂಲೆಯಿಂದ ಮೂಲೆಗೆ. ಗಿಡದ್ದು 14 ಗೆರೆ. ಎಲ್ಲ ಸೇರಿ 46, ಅಂದರೆ 14ರ ಬಟ್ಟೆಯಲ್ಲಿ ಒಂದು ಕಟ್ಟೆಗೆ ಒಂದು ಮೊಳ ದಾರ. 11ರದ್ದಾದರೆ ಒಂದೂಕಾಲು ಮೊಳ.

ಇನ್ನು ದಾರಿ. ಹೋಗುವುದನ್ನು ಕೆಂಪು ಪೆನ್ಸಿಲಲ್ಲಿ, ಮರಳುವುದನ್ನು ನೀಲಿಯಲ್ಲಿ, ಬಾಣ ಹಾಕುತ್ತಾ ಬರೆಯಿರಿ. ಪ್ರತಿ ಗೆರೆಗೂ ಒಂದು ಕೆಂಪು, ಒಂದು ನೀಲಿ ಬಾಣ, ಎರಡೂ ಎದುರುಬದುರು ದಿಕ್ಕಿಗೆ ಇರಬೇಕು. ಎರಡು ಕೆಂಪು ಬಂದಲ್ಲಿ ದಾರಿ ತಪ್ಪಿದೆ ಎಂದರ್ಥ.

1. ಬುಡದ ಎಡ ಮೂಲೆಯಿಂದ ಹೊರಟು ಮೇಲಿನ ನಡು ಮುಟ್ಟಿ. 12 ಹೆಜ್ಜೆ.

2. ಕಾಂಡ 2 ಹತ್ತಿ. ಎಡ ಕೊಂಬೆಗೆ ಹೋಗಿ ಬನ್ನಿ, ಬಲ ಕೊಂಬೆಗೆ ಹೋಗಿ ಬನ್ನಿ. ಮತ್ತೆ 2 ಹತ್ತಿ, ಮತ್ತೆ ಎರಡು ಕೊಂಬೆ. ಇನ್ನು 2 ಹತ್ತಿದರೆ ತುದಿ.

3. ತುದಿಯಿಂದ ಖಾಲಿ ಮನೆ ತುಂಬುತ್ತಾ 6 ಇಳಿಯಿರಿ. ಕೊಂಬೆಗಳ ಕಡೆ ತಿರುಗಬೇಡಿ, ಅವು ಮುಗಿದಿವೆ. ಇಲ್ಲಿ ಒಮ್ಮೆ ನಿಂತು ಬಟ್ಟೆ ತಿರುಗಿಸಿ: ಗಿಡ ಎರಡೂ ಬದಿಯಲ್ಲಿ ಪೂರ್ತಿ ಕಾಣಬೇಕು. ಕಾಣದಿದ್ದರೆ ಇಲ್ಲಿಯೇ ಬಿಚ್ಚಿ.

4. ಬಲಕ್ಕೆ 3, ಹಾಗೇ ಕಟ್ಟೆಯ ಬಲಬದಿ ಇಳಿದು, ಬುಡದ 8 ದಾಟಿ, ಹೊರಟ ಮೂಲೆಗೆ.

5. ಮುಖ ತಿರುಗಿಸಿ. ಬುಡದ ಗೆರೆ ಬಲಕ್ಕೆ, ಬಲಬದಿ ಮೇಲಕ್ಕೆ, ಗಿಡದ ಬುಡವನ್ನು ದಾಟಿ, ಎಡಬದಿ ಇಳಿದು, ಹೊರಟ ಮೂಲೆಗೆ. 32 ಸಮಸಂಖ್ಯೆ, ನೆನಪಿರಲಿ. ಅದೇ ದಿಕ್ಕಿನಲ್ಲಿ ಮತ್ತೆ ಸುತ್ತಿದರೆ ಚೌಕದ ಕಥೆಯೇ.

ಓರೆ ಹೊಲಿಗೆ ನೇರ ಹೊಲಿಗೆಗಿಂತ ಉದ್ದ, ಹೀಗಾಗಿ ಬೇಗ ಸಡಿಲವಾಗುತ್ತದೆ. ಹಾಗೆಂದು ಎಳೆದು ಬಿಗಿದರೆ ತೂತು ದೊಡ್ಡದಾಗಿ ಮೂಲೆಯಲ್ಲಿ ಕಿಂಡಿ ಕಾಣುತ್ತದೆ. ದಾರ ಬಟ್ಟೆಯ ಮೇಲೆ ಮಲಗಿದರೆ ಸಾಕು, ಬಟ್ಟೆಯನ್ನು ಕಚ್ಚಬಾರದು.

ಕಟ್ಟೆಯೊಳಗೆ ಒಂದು ದೀಪ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ದೀಪವು ಕಟ್ಟೆಯ ಯಾವುದಾದರೂ ಗೆರೆಗೆ ತಾಗಿದ್ದರೆ ಅದೂ ಒಂದು ಕವಲು, ಸುಲಭ. ತಾಗದೆ ನಡುವೆ ನಿಂತಿದ್ದರೆ ಅದಕ್ಕೆ ಬೇರೆ ದಾರ, ಬೇರೆ ಬಾಲ. ಹಿಂಬದಿಯಲ್ಲಿ ದಾರವನ್ನು ಅಲ್ಲಿಗೆ ಹಾರಿಸಿದರೆ ಗವಂತಿಯ ಕಥೆ ಮುಗಿಯಿತು.

ಬಿಚ್ಚುವಾಗ: ಸೂಜಿಯಿಂದ ದಾರ ಬಿಡಿಸಿಕೊಂಡು, ಸೂಜಿಯ ಕಣ್ಣಿನ ಕಡೆಯಿಂದ ಒಂದೊಂದೇ ಹೊಲಿಗೆ ಎತ್ತಿ. ಬಂದ ದಾರಿಯಲ್ಲಿ ಸೂಜಿಯನ್ನೇ ಹಿಂದಕ್ಕೆ ತೂರಿಸಿದರೆ ಹೊಸ ಸಿಕ್ಕು ಹುಟ್ಟುತ್ತದೆ. ಎರಡು ಸಲ ಬಿಚ್ಚಿದ ದಾರವನ್ನು ಮತ್ತೆ ಬಳಸಬೇಡಿ.

## ಕೆಲಸ 4: ನೇಗಿ ಪಟ್ಟಿಯ ಕೈಚೀಲ

ಹೆಸರೇ ಹೇಳುವಂತೆ ಇದು ನೇಯ್ಗೆಯ ಹಾಗೆ ಕಾಣಬೇಕು. ಸೂಜಿ ಅಡ್ಡಡ್ಡ ಸಾಲಾಗಿ ಹೋಗುತ್ತದೆ, ಒಂದು ಸಾಲಿನ ಮೇಲೆ ಇನ್ನೊಂದು. ಇಲ್ಲಿ ಹೋಗಿ ಮರಳುವ ನಿಯಮ ಇಲ್ಲ, ಒಂದು ಸಾಲಿಗೆ ಒಂದೇ ಸಲ. ಹಿಂಬದಿಯಲ್ಲಿ ಚಿತ್ರ ತಿರುವುಮುರುವಾಗಿ ಕಾಣುತ್ತದೆ: ಮುಂದೆ ದಾರ ಇದ್ದಲ್ಲಿ ಹಿಂದೆ ಬಟ್ಟೆ.

ಶುರುವಿಗೆ ಅಂಕುಡೊಂಕು ಪಟ್ಟಿ. ಮೂರು ಮನೆ ಮೇಲೆ, ಮೂರು ಮನೆ ಕೆಳಗೆ, ಸಾಲಿನ ಕೊನೆಯವರೆಗೆ. ಮೊದಲ ಸಾಲು 1ನೇ ಮನೆಯಿಂದ, ಎರಡನೆಯದು 2ರಿಂದ, ಮೂರನೆಯದು 3ರಿಂದ, ನಾಲ್ಕನೆಯದು 4ರಿಂದ. ಆಮೇಲೆ ಐದನೆಯದು 3ರಿಂದ, ಆರನೆಯದು 2ರಿಂದ, ಏಳನೆಯದು 1ರಿಂದ. ಪಟ್ಟಿ ಎತ್ತರ ಬೇಕೆಂದರೆ ಇದನ್ನೇ ಮುಂದುವರಿಸಿ.

ಹಾಳಾಗುವುದು ತಿರುವಿನಲ್ಲಿ. ಸಾಲಿನ ಕೊನೆಗೆ ಬಂದು ಮೇಲಿನ ಸಾಲಿಗೆ ಏರುವಾಗ ದಾರ ಎಳೆದುಕೊಂಡರೆ ಬಟ್ಟೆ ಎರಡೂ ಬದಿಯಿಂದ ಒಳಗೆ ಸರಿಯುತ್ತದೆ. ಐದಾರು ಸಾಲಿನ ಹೊತ್ತಿಗೆ ಪಟ್ಟಿ ಮಡಕೆಯ ಸೊಂಟದಂತೆ ಬಳುಕುತ್ತದೆ. ಆಗ ಇಸ್ತ್ರಿ ಮಾಡಿದರೂ ಸರಿಹೋಗದು. ಪ್ರತಿ ಸಾಲು ಮುಗಿದ ಮೇಲೆ ಬಟ್ಟೆಯನ್ನು ಎರಡೂ ತುದಿ ಹಿಡಿದು ಒಮ್ಮೆ ಮೆಲ್ಲಗೆ ಎಳೆಯಿರಿ, ಆಮೇಲೆ ತಿರುಗಿ. ಇನ್ನೊಂದು ಎಚ್ಚರಿಕೆ: ನಿಮ್ಮದೇ ಚಿತ್ರ ಬರೆದುಕೊಳ್ಳುವಾಗ ಒಂದೇ ಹೊಲಿಗೆ 5 ಮನೆಗಿಂತ ಉದ್ದ ಇರದಂತೆ ನೋಡಿಕೊಳ್ಳಿ, ಮುಂದೆಯೂ ಹಿಂದೆಯೂ. ಚೀಲದೊಳಗೆ ಕೈ ಹಾಕಿದಾಗ ಬಳೆ, ಉಂಗುರ ಉದ್ದ ದಾರಕ್ಕೇ ಸಿಕ್ಕುವುದು. ಚೀಲಕ್ಕೆ ಅಸ್ತರ ಹಾಕಿದರೆ ಈ ತಾಪತ್ರಯ ಅರ್ಧ ಕಡಿಮೆ.

## ಕೆಲಸ 5: ಮೆಂತಿ ತುಂಬಿಸುವುದು

ನಾಲ್ಕರಲ್ಲಿ ಸುಲಭ. ಸಾದಾ ಅಡ್ಡಗುಣಿಸು ಹೊಲಿಗೆ, ಚಿತ್ರದ ಒಳಗನ್ನು ತುಂಬಲು. ಅಭ್ಯಾಸಕ್ಕೆ 10 ಮನೆ ಚೌಕದ ಕೀಲಿಕೈ ತೂಗು ಸಾಕು. ಒಂದು ಸಾಲಿನ ಎಲ್ಲ ಮನೆಗೂ ಮೊದಲು ಒಂದೇ ಕಡೆಗೆ ಓರೆ ಹಾಕುತ್ತಾ ಹೋಗಿ, ಮರಳುವಾಗ ಇನ್ನೊಂದು ಓರೆ. ಮೇಲೆ ಬೀಳುವ ಓರೆ ಎಲ್ಲ ಸಾಲಿನಲ್ಲೂ ಒಂದೇ ದಿಕ್ಕಿಗಿರಬೇಕು. ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಹಿಡಿದು ಹೊಲಿದರೆ ದಿಕ್ಕು ಬದಲಾಗುತ್ತದೆ, ಬೆಳಕಿಗೆ ಹಿಡಿದಾಗ ಆ ಸಾಲು ಮಾತ್ರ ಬೇರೆ ಬಣ್ಣದಂತೆ ಕಾಣುತ್ತದೆ. ಬಟ್ಟೆಯ ಒಂದು ಮೂಲೆಗೆ ಗುಂಡುಸೂಜಿ ಚುಚ್ಚಿಟ್ಟು, ಅದು ಸದಾ ಮೇಲಿರಲಿ. ಹೊರಗೆರೆ ಗವಂತಿ, ಒಳಗೆ ಮೆಂತಿ ಹಾಕುವುದಾದರೆ ಗವಂತಿ ಮೊದಲು. ಮೆಂತಿ ತುಂಬಿದ ಮೇಲೆ ತೂತು ಮುಚ್ಚಿಹೋಗಿ ಗೆರೆ ಎಳೆಯಲು ಜಾಗವಿರದು.

## ಕೆಲಸ 6: ರವಿಕೆ ತೋಳಿಗೆ

ಇಳಕಲ್ ಸೀರೆಯ ಮೇಲೆ ಕೈ ಪಳಗಿದವರು ಎಳೆಯನ್ನೇ ಎಣಿಸಿ ಹಾಕುತ್ತಾರೆ. ಆರನೇ ಕೆಲಸಕ್ಕೆ ಅಲ್ಲಿಗೆ ಹೋಗಬೇಡಿ. ಎಣಿಸಲಾಗದ ರವಿಕೆ ಬಟ್ಟೆಗೆ ಕಿತ್ತು ತೆಗೆಯುವ ಕ್ಯಾನ್ವಾಸ್ ಜಾಲರಿ ಸಿಗುತ್ತದೆ, ಅದನ್ನು ಬಳಸಿ.

1. ರವಿಕೆಯನ್ನು ಕತ್ತರಿಸಿ ಹೊಲಿದ ಮೇಲಲ್ಲ, ಮೊದಲೇ ಕಸೂತಿ ಹಾಕಬೇಕು. ದರ್ಜಿಯಿಂದ ತೋಳಿನ ಆಕಾರವನ್ನು ಚಾಕಿನಲ್ಲಿ ಗುರುತು ಹಾಕಿಸಿಕೊಳ್ಳಿ. ಅಂಚು ಎಷ್ಟು ಮಡಿಸುತ್ತಾರೆಂದು ಕೇಳಿ, ಅದಕ್ಕೂ ಮೇಲೆ 1 ಸೆಂ.ಮೀ. ಬಿಟ್ಟು ಚಿತ್ರ ಶುರು ಮಾಡಿ. ಕೇಳದೆ ಹಾಕಿದ ಗೋಪುರದ ಬುಡ ಮಡಿಕೆಯೊಳಗೆ ಹೋದರೆ ದರ್ಜಿಯನ್ನು ಬೈಯುವಂತಿಲ್ಲ.

2. ಜಾಲರಿಯನ್ನು ಚಿತ್ರಕ್ಕಿಂತ ನಾಲ್ಕೂ ಕಡೆ 5 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ. ಅದರ ಎಳೆ ರವಿಕೆ ಬಟ್ಟೆಯ ಎಳೆಗೆ ನೇರವಾಗಿರಲಿ. ನಾಲ್ಕು ಅಂಚು ಮತ್ತು ಎರಡು ಕರ್ಣಗಳಲ್ಲಿ ಒತ್ತಾಗಿ ಕಚ್ಚಾ ಹೊಲಿಗೆ ಹಾಕಿ. ಬರೀ ಅಂಚಿಗೆ ಹಾಕಿದರೆ ನಡುವೆ ಜಾಲರಿ ಸರಿದು ಚಿತ್ರ ಓರೆಯಾಗುತ್ತದೆ.

3. ಇಲ್ಲಿ ಮಾತ್ರ ಚೂಪು ಸೂಜಿ, 8ನೇ ನಂಬರು. ಜಾಲರಿಯ ತೂತಿನ ನಡುವಿನಿಂದಲೇ ಬಟ್ಟೆಗೆ ಇಳಿಯಬೇಕು. ಜಾಲರಿಯ ಎಳೆಯನ್ನು ಚುಚ್ಚಿದರೆ ಕೊನೆಗೆ ಅದು ಕಿತ್ತು ಬರುವುದಿಲ್ಲ. ಮರಳುವಾಗ ಹಳೆಯ ದಾರ ಸೀಳದಂತೆ ಸೂಜಿಯನ್ನು ನೇರ ಮೇಲಿನಿಂದ ಇಳಿಸಿ, ಓರೆಯಾಗಿ ತೂರಿಸಬೇಡಿ.

4. ಮ್ಯಾಟಿಗಿಂತ ಕೊಂಚ ಬಿಗಿಯಾಗಿ ಹಾಕಿ. ಜಾಲರಿಯ ದಪ್ಪದಷ್ಟು ದಾರ ಆಮೇಲೆ ಸಡಿಲವಾಗುತ್ತದೆ.

5. ಮುಗಿದ ಮೇಲೆ ಕಚ್ಚಾ ಹೊಲಿಗೆ ತೆಗೆದು, ಜಾಲರಿಗೆ ಗಂಜಿ ಇದ್ದರೆ ಒದ್ದೆ ಬಟ್ಟೆ ಒತ್ತಿ ಮೆತ್ತಗೆ ಮಾಡಿ. ಚಿಮುಟದಿಂದ ಒಂದೊಂದೇ ಎಳೆಯನ್ನು ಬಟ್ಟೆಗೆ ಸಮವಾಗಿ, ಮೇಲಕ್ಕೆತ್ತದೆ, ಎಳೆಯಿರಿ. ಮೊದಲು ಅಡ್ಡ ಎಳೆ ಎಲ್ಲವನ್ನೂ ತೆಗೆದುಬಿಡಿ, ಆಮೇಲೆ ಉದ್ದದವು ಸಲೀಸಾಗಿ ಬರುತ್ತವೆ. ಒಂದು ಎಳೆ ಹಟ ಹಿಡಿದರೆ ಜಗ್ಗಬೇಡಿ. ಎರಡೂ ಬದಿಯಲ್ಲಿ ಹೊಲಿಗೆಯ ಅಂಚಿಗೆ ಕತ್ತರಿಸಿ ತುಂಡು ತುಂಡಾಗಿ ತೆಗೆಯಿರಿ.

ಜೋಡಣೆಗೆ ಸೀರೆಯ ಕ್ರಮವನ್ನೇ ಅನುಸರಿಸಬಹುದು. ಸೀರೆಯಲ್ಲಿ ಸೆರಗಿನ ಬಳಿ ದೊಡ್ಡ, ಒತ್ತಾದ ಚಿತ್ರಗಳಿದ್ದು ಒಡಲಿನ ಕಡೆಗೆ ಸರಿದಂತೆ ಸಣ್ಣದಾಗುತ್ತವೆ. ತೋಳಿಗೂ ಹಾಗೇ: ಅಂಚಿಗೆ ಮುರ್ಗಿ ಅಲೆ, ಅದರ ಮೇಲೆ ತುಳಸಿ ಕಟ್ಟೆಯ ಸಾಲು, ಭುಜದ ಕಡೆಗೆ ಅಲ್ಲೊಂದು ಇಲ್ಲೊಂದು ಸಣ್ಣ ಚುಕ್ಕಿ ಹೂವು. ಎರಡು ತೋಳಿಗೂ ಚಿತ್ರದ ನಡುವನ್ನು ತೋಳಿನ ನಡುಮಡಿಕೆಯಿಂದಲೇ ಎಣಿಸಿ, ಅಂಚಿನಿಂದ ಎಣಿಸಬೇಡಿ. ಹೊಲಿಗೆಗೆ ಬಿಟ್ಟ ಬಟ್ಟೆ ಎರಡೂ ಕಡೆ ಸಮ ಇರುವುದು ಅಪರೂಪ.

ಒಗೆಯುವುದು ತಣ್ಣೀರಲ್ಲಿ, ಉಜ್ಜದೆ. ಬಣ್ಣ ಇಳಿದದ್ದು ಕಂಡರೆ ಒಣಗಲು ಬಿಡಲೇಬೇಡಿ, ಒದ್ದೆಯಿದ್ದಾಗಲೇ ತಣ್ಣೀರು ಬದಲಿಸುತ್ತಾ ನೆನೆಸಿಡಿ. ಇಸ್ತ್ರಿಗೆ ದಪ್ಪ ಟರ್ಕಿ ಟವೆಲ್ ಹಾಸಿ, ಕಸೂತಿಯನ್ನು ಅದರ ಮೇಲೆ ಬೋರಲು ಮಲಗಿಸಿ, ಹಿಂಬದಿಯಿಂದ ಒತ್ತಿ. ಇಸ್ತ್ರಿಯನ್ನು ಎಳೆದಾಡಬೇಡಿ, ಎತ್ತಿ ಎತ್ತಿ ಇಡಿ.